ಎಲ್ಕ್ ಶಿಕಾರಿಗೆ 1962ರ ತೋಟಾ ಸಾಕೇ, 2022ರದ್ದು ಬೇಕೇ?

ಹೇಮಾವತಿ ದಂಡೆ (ಫೋರ್ಟ್ ಕಾಲಿನ್ಸ್, ಕೊಲೊರಾಡೊ)

ಎಲ್ಲರಿಗೂ ನಮಸ್ಕಾರ. ಈ ವರ್ಷದ ಚೀಟಿ ಎತ್ತುವಿಕೆಯಲ್ಲಿ ನನಗೂ ನಮ್ಮ ಯಜಮಾನರಿಗೂ ಹೆಣ್ಣು ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ) ಪರವಾನಗಿ ಸಿಕ್ಕಿದೆ. ಅಕ್ಟೋಬರ್ ಕೊನೆಯ ರೈಫಲ್ ಋತು. ಬೇಟೆಗಾರರ ತರಬೇತಿ ಮುಗಿಸಿ ಕಾರ್ಡ್ ಪಡೆದಿದ್ದೇವೆ. .22 ರೈಫಲ್‌ನಲ್ಲಿ ಗುರಿ ಅಭ್ಯಾಸವಾಗಿದೆ, ದೊಡ್ಡದನ್ನು ಇನ್ನೂ ಕೊಂಡಿಲ್ಲ.

ಪಕ್ಕದ ಮನೆಯ ಹಿರಿಯರು ಮಂಡಿನೋವಿನಿಂದಾಗಿ ಶಿಕಾರಿ ಬಿಟ್ಟಿದ್ದಾರೆ. ಅವರ ರೆಮಿಂಗ್ಟನ್ 700, 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತೋಟಾದ್ದು, ಸ್ಕೋಪ್ ಸಮೇತ ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಅಂಗಡಿಯ ಹುಡುಗ ಮಾತ್ರ ಅದು ತಾತನ ಕಾಲದ್ದು, 2022ರ 7 ಪಿಆರ್‌ಸಿ ತೋಟಾದ್ದು ತೆಗೆದುಕೊಳ್ಳಿ, ಹಳೆಯದರ ಕುಂದುಗಳನ್ನೆಲ್ಲ ತಿದ್ದಿ ಮಾಡಿದ್ದಾರೆ ಎಂದು ಪಟ್ಟು ಹಿಡಿದಿದ್ದಾನೆ. ಎರಡರ ಗುಂಡಿನ ದಪ್ಪವೂ ಒಂದೇ, 0.284 ಅಂಗುಲ. ಹಾಗಿದ್ದ ಮೇಲೆ ವ್ಯತ್ಯಾಸ ಇರುವುದೆಲ್ಲಿ? 300 ಗಜಕ್ಕಿಂತ ದೂರ ಹೊಡೆಯುವುದಿಲ್ಲ ಎಂದು ನಾವಿಬ್ಬರೂ ನಿಶ್ಚಯಿಸಿಕೊಂಡಿದ್ದೇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಮಾಂಸ ಅವರ ತಟ್ಟೆಗೂ ಹೋಗುತ್ತದೆ. ಹಾಗಾಗಿ ಸೀಸದ ಗುಂಡು ಬೇಡ.

ರಾಕಿ ಹಾದಿ (ಕೊಲೊರಾಡೊ ಸ್ಪ್ರಿಂಗ್ಸ್)

ಪಕ್ಕದ ಮನೆಯವರದ್ದನ್ನೇ ಕೊಳ್ಳಿ. ಉಳಿದ ಹಣವನ್ನು ಅಭ್ಯಾಸದ ತೋಟಾಗಳಿಗೂ ಒಳ್ಳೆಯ ಬೂಟಿಗೂ ಹಾಕಿ. ಚರ್ಚೆ ಮುಗಿಯಿತು.

ಮುಗಿಯುವುದಿಲ್ಲವೆಂದು ಗೊತ್ತು, ಆದ್ದರಿಂದ ಮೊದಲು ಕಾನೂನು ಹೇಳಿಬಿಡುತ್ತೇನೆ. ಕೊಲೊರಾಡೊದಲ್ಲಿ ಎಲ್ಕ್‌ಗೆ ಗುಂಡಿನ ದಪ್ಪ ಕನಿಷ್ಠ 6 ಎಂಎಂ, ತೂಕ ಕನಿಷ್ಠ 85 ಗ್ರೇನ್ (ಗುಂಡು ತೂಗುವ ಸಣ್ಣ ಅಳತೆ), 100 ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡ್ ಶಕ್ತಿ ಇರಬೇಕು. 1955ರ .243 ವಿಂಚೆಸ್ಟರ್ ಕೂಡ ಈ ಹೊಸ್ತಿಲು ದಾಟುತ್ತದೆ. ನೀವು ಕೇಳಿದ ಎರಡೂ ತೋಟಾಗಳು ಆ 1,000 ಅಡಿ-ಪೌಂಡಿನ ಎರಡೂವರೆ ಪಟ್ಟನ್ನು ಮೀರುತ್ತವೆ. ಎಂದರೆ ಕಾನೂನಿಗೂ ಎಲ್ಕ್‌ಗೂ ಎರಡೂ ಒಂದೇ. ವ್ಯತ್ಯಾಸ ಕಾಣುವುದು ಅಂಗಡಿಯವನಿಗೆ.

ಜಾಲಹಳ್ಳಿ ಎಂಜಿನಿಯರ್ (ಆಸ್ಟಿನ್, ಟೆಕ್ಸಾಸ್)

ರಾಕಿ ಹಾದಿಯವರೇ, ಅಂಗಡಿಯವನನ್ನು ಬೈಯುವುದು ಸುಲಭ. ಹೇಮಾವತಿಯವರು ಕೇಳಿದ್ದು ವ್ಯತ್ಯಾಸ ಎಲ್ಲಿದೆ ಎಂದು. ಅದಕ್ಕೆ ಉತ್ತರ ಕೊಡೋಣ.

ಮೊದಲನೆಯದು ನಳಿಗೆಯೊಳಗಿನ ಸುರುಳಿಗೆರೆ. ಹಳೆಯ ರೆಮಿಂಗ್ಟನ್ 700ರ 7 ಎಂಎಂ ನಳಿಗೆಯಲ್ಲಿ ಗುಂಡು ಒಂಬತ್ತೂಕಾಲು ಅಂಗುಲಕ್ಕೆ ಒಂದು ಸುತ್ತು ತಿರುಗುತ್ತದೆ. 7 ಪಿಆರ್‌ಸಿಯಲ್ಲಿ 8 ಅಂಗುಲಕ್ಕೇ ಒಂದು ಸುತ್ತು. ಗುಂಡು ಉದ್ದವಾದಷ್ಟೂ ನೆಟ್ಟಗೆ ಹಾರಲು ವೇಗವಾಗಿ ತಿರುಗಬೇಕು. ಈಗಿನ ಗುಂಡುಗಳು ಸಪೂರ, ಉದ್ದ, ಚೂಪು. ಅವು ಗಾಳಿಯನ್ನು ಚೆನ್ನಾಗಿ ಸೀಳುತ್ತವೆ. 1962ರಲ್ಲಿ ಇಂಥವು ಬೇಟೆಯ ಮಾರುಕಟ್ಟೆಯಲ್ಲಿ ಇರಲಿಲ್ಲ, ಆದ್ದರಿಂದ ನಳಿಗೆಯನ್ನೂ ಅವಕ್ಕಾಗಿ ಕೊರೆಯಲಿಲ್ಲ. ಹೊಸ ತೋಟಾದ ಬುದ್ಧಿವಂತಿಕೆ ಮದ್ದಿನಲ್ಲಿಲ್ಲ. ಗುಂಡನ್ನು ಮೊದಲು ಆರಿಸಿ, ಅದರ ಸುತ್ತ ತೋಟಾದ ಹಿತ್ತಾಳೆಯ ಕೋಶ, ಕೋಶದ ಕತ್ತು, ನಳಿಗೆಯ ಒಳಬಾಯಿ ಎಲ್ಲವನ್ನೂ ಕಟ್ಟಿದ್ದಾರೆ.

ಸುರುಳಿಗೆರೆ ಸಣ್ಣ ವಿಷಯ ಎನ್ನುವವರು 1955ನ್ನು ನೆನಪಿಸಿಕೊಳ್ಳಲಿ. ಆ ವರ್ಷ ವಿಂಚೆಸ್ಟರ್‌ನಿಂದ .243, ರೆಮಿಂಗ್ಟನ್‌ನಿಂದ .244, ಎರಡೂ 6 ಎಂಎಂ. ರೆಮಿಂಗ್ಟನ್‌ದು 12 ಅಂಗುಲಕ್ಕೆ ಒಂದು ಸುತ್ತು, ವಿಂಚೆಸ್ಟರ್‌ದು 10ಕ್ಕೆ. ಜಿಂಕೆಗೆ ಜನ ಕೇಳಿದ 100 ಗ್ರೇನ್ ಗುಂಡು ವಿಂಚೆಸ್ಟರ್‌ನಲ್ಲಿ ನಿಂತಿತು, ರೆಮಿಂಗ್ಟನ್‌ನಲ್ಲಿ ನಿಲ್ಲುವ ಭರವಸೆ ಇರಲಿಲ್ಲ. ರೆಮಿಂಗ್ಟನ್ ಸುತ್ತನ್ನು ಬದಲಿಸಿತು, 1963ರಲ್ಲಿ 6 ಎಂಎಂ ರೆಮಿಂಗ್ಟನ್ ಎಂದು ಹೆಸರನ್ನೂ ಬದಲಿಸಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. .243 ಇಂದಿಗೂ ಎಲ್ಲೆಡೆ ಸಿಗುತ್ತದೆ.

ಎರಡನೆಯದು ಹಳೆಯ ಮ್ಯಾಗ್ನಮ್‌ನ ಬುಡದಲ್ಲಿರುವ ಪಟ್ಟಿ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್‌ನ ಹಿತ್ತಾಳೆ ಇಳಿಜಾರಾಗಿತ್ತು, ಕತ್ತಿನ ಕೆಳಗಿನ ಹೆಗಲು ಸಣ್ಣದು. ನಳಿಗೆಯ ಬುಡದ ಕೋಣೆಯೊಳಗೆ ಅದು ಸರಿಯಾದ ಆಳಕ್ಕೆ ನಿಲ್ಲಲು ಪಟ್ಟಿ ಬೇಕಾಗಿತ್ತು. 7 ಎಂಎಂ ರೆಮಿಂಗ್ಟನ್‌ಗೆ ಒಳ್ಳೆಯ ಹೆಗಲಿದೆ, ಪಟ್ಟಿಯ ಅಗತ್ಯವೇ ಇಲ್ಲ. ಮ್ಯಾಗ್ನಮ್ ಎಂದರೆ ಪಟ್ಟಿ ಇರಲೇಬೇಕು ಎಂಬ ಆ ಕಾಲದ ಮೋಹಕ್ಕೆ ಉಳಿದುಕೊಂಡಿತು.

ಮೂರನೆಯದು ಮದ್ದು ಉರಿದಾಗಿನ ಒತ್ತಡ: ಹಳೆಯದಕ್ಕೆ 61,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಮಿತಿ, ಹೊಸದಕ್ಕೆ 65,000. ಡಬ್ಬಿಯ ಮೇಲಿನ ಅಂಕಿಗಳ ಪ್ರಕಾರ 175 ಗ್ರೇನ್ ಗುಂಡು ಹಳೆಯದರಲ್ಲಿ ಸೆಕೆಂಡಿಗೆ 2,860 ಅಡಿ, ಹೊಸದರಲ್ಲಿ 3,000 ಅಡಿ.

ರಾಕಿ ಹಾದಿ

ಎಲ್ಲವೂ ನಿಜ. ಈಗ ಆ 140 ಅಡಿಯ ಹೆಚ್ಚಿನ ವೇಗವನ್ನು ಬೆಟ್ಟಕ್ಕೆ ಹೊತ್ತುಕೊಂಡು ಬನ್ನಿ.

ಎಲ್ಕ್ ಇರುವುದು 8,000ದಿಂದ 11,000 ಅಡಿ ಎತ್ತರದಲ್ಲಿ. 10,000 ಅಡಿಯಲ್ಲಿ ಗಾಳಿಯ ದಟ್ಟಣೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲು. ಗಾಳಿಯನ್ನು ಸೀಳುವ ಚೂಪು ಗುಂಡಿನ ಹೆಚ್ಚುಗಾರಿಕೆ, ಸೀಳಲು ಗಾಳಿಯೇ ಕಡಿಮೆ ಇರುವ ಕಡೆ ತಾನಾಗಿಯೇ ಸೊರಗುತ್ತದೆ. ಟೆಕ್ಸಾಸಿನ ಬಯಲಿನ ಲೆಕ್ಕ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ.

ತಗ್ಗು ಪ್ರದೇಶಕ್ಕೆ ಲೆಕ್ಕ ಹಾಕಿದ ಕೋಷ್ಟಕಗಳನ್ನೇ ನೋಡಿದರೂ, 1906ರ .30-06 ತೋಟಾವನ್ನು 180 ಗ್ರೇನ್ ಗುಂಡಿನೊಂದಿಗೆ 200 ಗಜಕ್ಕೆ ಸರಿಹೊಂದಿಸಿದರೆ 300 ಗಜದಲ್ಲಿ ಎಂಟು ಒಂಬತ್ತು ಅಂಗುಲ ಕೆಳಗೆ ಬೀಳುತ್ತದೆ. 7 ಪಿಆರ್‌ಸಿ ಆರೇಳು ಅಂಗುಲ. ಎರಡು ಅಂಗುಲದ ಅಂತರ! ಏದುಸಿರು ಬಿಡುತ್ತ, ಚೀಲದ ಮೇಲೆ ಕೋವಿ ಒರಗಿಸಿ ಹೊಡೆಯುವಾಗ ನಮ್ಮ ಕೈನಡುಕವೇ ಅದಕ್ಕಿಂತ ಹೆಚ್ಚು. 500 ಗಜ ದಾಟಿದ ಮೇಲೆ ಹೊಸದು ಗೆಲ್ಲುತ್ತದೆ, ಗಾಳಿ ಬೀಸುವಾಗ ಇನ್ನೂ ಚೆನ್ನಾಗಿ ಗೆಲ್ಲುತ್ತದೆ. ಆದರೆ ಇವರು 300ರಲ್ಲೇ ಗೆರೆ ಎಳೆದುಕೊಂಡಿದ್ದಾರೆ, ಅದು ಬಹಳ ಒಳ್ಳೆಯ ಗೆರೆ.

ಶಾಂತಿಪ್ರಿಯ

ಪಾಪದ ಪ್ರಾಣಿಯನ್ನು ಕೊಲ್ಲಲು ಇಷ್ಟೊಂದು ಲೆಕ್ಕಾಚಾರ. ನಾಚಿಕೆಯಾಗಬೇಕು.

ಮೇಲ್ವಿಚಾರಕ

ಶಾಂತಿಪ್ರಿಯರೇ, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬೇಟೆ ಅಪರಾಧ. ಅದಕ್ಕೆ ಸಹಾಯವಾಗುವ ಮಾತನ್ನು ಇಲ್ಲಿ ಬಿಡುವುದಿಲ್ಲ. ಈ ಎಳೆ ಪರವಾನಗಿ ಇರುವ ದೇಶಗಳ ಕಾನೂನುಬದ್ಧ ಬೇಟೆಯದು. ಬೇಟೆ ಸರಿಯೇ ತಪ್ಪೇ ಎಂಬುದಕ್ಕೆ ಬೇರೆ ಎಳೆ ಇದೆ, ಅಲ್ಲಿ ಮನಸಾರೆ ವಾದಿಸಿ.

ಹಾರಂಗಿ (ವಿರಾಜಪೇಟೆ)

ನಾನು ಬೇಟೆಗಾರನಲ್ಲ, ಕೋವಿ ಇರುವ ಮನೆಯವನು. ಲೆಕ್ಕಾಚಾರ ಮಾಡದೆ ಹೊಡೆದರೆ ಪ್ರಾಣಿ ಗಾಯಗೊಂಡು ಓಡಿ ಎರಡು ದಿನ ನರಳಿ ಸಾಯುತ್ತದೆ ಎಂದಷ್ಟೇ ಶಾಂತಿಪ್ರಿಯರಿಗೆ ಹೇಳಬಲ್ಲೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ, ಅಷ್ಟೇ ನಮ್ಮ ಶಿಕಾರಿ. ನಮ್ಮಲ್ಲಿ ಕೇಪಿನ ಕೋವಿ ಹೋಗಿ ತೋಟಾ ಕೋವಿ ಬಂದಾಗಲೂ ಇದೇ ಜಗಳ ಇತ್ತಂತೆ. ದೇಶದಲ್ಲಿ ಸಿವಿಲಿಯನ್ನರಿಗೆ ಸೇನೆಯ .303 ನಿಷಿದ್ಧ, ಅದಕ್ಕೇ ಇಶಾಪುರದ ಕಾರ್ಖಾನೆ .315 ರೈಫಲ್ ಮಾಡಿತು. ಆ .315 ಎಂದರೆ ಆಸ್ಟ್ರಿಯಾದ ಹಳೆಯ 8 ಎಂಎಂ ಮನ್ಲಿಚರ್ ತೋಟಾ, ಹತ್ತೊಂಬತ್ತನೆಯ ಶತಮಾನದ್ದು. ಹೊಸದೋ ಹಳೆಯದೋ ಎಂದು ಆರಿಸುವ ಭಾಗ್ಯ ಅಮೆರಿಕದವರಿಗೆ ಇದೆ. ಇಲ್ಲಿ ಅದನ್ನು ಸರಕಾರವೇ ಆರಿಸಿಬಿಟ್ಟಿದೆ.

ಉತ್ತರ ಧ್ರುವದ ಶಾನುಭೋಗ (ಉಮೆಯೊ, ಸ್ವೀಡನ್)

ನಮ್ಮ ಮೂಸ್ ಜಿಂಕೆಯ ಜಾತಿಯದೇ, ನಿಮ್ಮ ಎಲ್ಕ್‌ಗಿಂತ ದೊಡ್ಡದು. ಅದನ್ನು ಇಲ್ಲಿನ ಅಜ್ಜಂದಿರು 1890ರ ದಶಕದ 6.5×55 (6.5 ಎಂಎಂ) ತೋಟಾದಲ್ಲೇ ಹೊಡೆಯುತ್ತ ಬಂದಿದ್ದಾರೆ. 6.5 ಕ್ರೀಡ್‌ಮೂರ್ ಎಂಬ ಹೊಸ ತೋಟಾ ಬಂದ ಮೇಲೆ ಅಮೆರಿಕದವರು 6.5ನ್ನು ಕಂಡುಹಿಡಿದವರಂತೆ ಮಾತನಾಡುವಾಗ ಇಲ್ಲಿ ನಗುತ್ತಾರೆ.

ಸ್ವೀಡನ್ನಿನ ಕಾನೂನಿನಲ್ಲಿ ಒಂದು ಸೊಗಸಿದೆ. ಮೂಸ್‌ನಂಥ ದೊಡ್ಡ ಪ್ರಾಣಿಗೆ ಗುಂಡು 9 ಗ್ರಾಂನದ್ದಾದರೆ 100 ಮೀಟರಿನಲ್ಲಿ 2,700 ಜೂಲ್ ಇರಬೇಕು. ಗುಂಡು 10 ಗ್ರಾಂ ಆದರೆ 2,000 ಜೂಲ್ ಸಾಕು. ಭಾರದ ಗುಂಡಿಗೆ ರಿಯಾಯಿತಿ! ನಮ್ಮ 6.5ಕ್ಕೆ 10.1 ಗ್ರಾಂನ, ಎಂದರೆ 156 ಗ್ರೇನ್‌ನ ಗುಂಡು ಜನಪ್ರಿಯವಾಗಿರುವುದು ಇದೇ ಕಾರಣಕ್ಕೆ. ನಿಧಾನವಾಗಿ ಹೋಗಿ ಆಳಕ್ಕೆ ಇಳಿಯುತ್ತದೆ, ಮಾಂಸ ಹಾಳಾಗುವುದೂ ಕಡಿಮೆ.

ಆದರೆ ಒಂದು ಎಚ್ಚರಿಕೆ. ಇಲ್ಲಿ ನಾಯಿ ಮೂಸ್ ಅನ್ನು ತಡೆದು ನಿಲ್ಲಿಸುತ್ತದೆ, ದಟ್ಟ ಕಾಡು, ದೂರ ಬಹುಪಾಲು 100 ಮೀಟರಿನ ಒಳಗೆ. ಅಗಲ ಕಣಿವೆಯ ಆಚೆಗೆ ಹೊಡೆಯುವವರು ನಮ್ಮ ಅಜ್ಜಂದಿರನ್ನು ಸಾಕ್ಷಿಗೆ ಕರೆಯಬಾರದು.

ಬಾರೂದಿನ ಡಬ್ಬಿ (ಮಿಷಿಗನ್)

ತೋಟಾವನ್ನು ನಾನೇ ತುಂಬಿಕೊಳ್ಳುವವನು, ನಿವೃತ್ತ. ಹೊಸ ತೋಟಾ ಎಂದರೆ ನನಗೆ ಮೊದಲು ಸ್ಮಶಾನ ನೆನಪಿಗೆ ಬರುತ್ತದೆ.

2001ರಲ್ಲಿ ವಿಂಚೆಸ್ಟರ್ ಗಿಡ್ಡ ಮ್ಯಾಗ್ನಮ್‌ಗಳನ್ನು ತಂದಿತು. ಬೆನ್ನಿಗೇ ರೆಮಿಂಗ್ಟನ್ ತನ್ನ ಗಿಡ್ಡ ಅಲ್ಟ್ರಾಗಳನ್ನು ಇಳಿಸಿತು. ಆಗಲೂ ಪತ್ರಿಕೆಗಳು .30-06ಕ್ಕೆ ಶ್ರಾದ್ಧ ಮಾಡಿ ಮುಗಿಸಿದ್ದವು. ವಿಂಚೆಸ್ಟರ್ ಗಿಡ್ಡಗಳಲ್ಲಿ .300 ಡಬ್ಲ್ಯುಎಸ್‌ಎಂ ಉಸಿರಾಡುತ್ತಿದೆ. ಅದರ 7 ಎಂಎಂ ತಮ್ಮನಿಗೆ ತೋಟಾ ಹುಡುಕಬೇಕೆಂದರೆ ಊರೂರು ಅಲೆಯಬೇಕು. ರೆಮಿಂಗ್ಟನ್‌ನವು ಬಹುತೇಕ ನನ್ನಂಥ ತುಂಬಿಕೊಳ್ಳುವವರ ಮೇಜಿನ ಮೇಲೆ ಬದುಕಿವೆ. 2007ರ .30 ಟಿಸಿ ತೋಟಾವನ್ನು ಕೇಳುವವರಿಲ್ಲ; ಅದರ ಕತ್ತು ಕಿರಿದಾಗಿಸಿ ಮಾಡಿದ 6.5 ಕ್ರೀಡ್‌ಮೂರ್ ಇಲ್ಲದ ಅಂಗಡಿಯಿಲ್ಲ. 1957ರ .280 ರೆಮಿಂಗ್ಟನ್ ಬಹಳ ಒಳ್ಳೆಯ ತೋಟಾ. ಮಾರಾಟವಾಗಲಿಲ್ಲವೆಂದು 1979ರಲ್ಲಿ 7 ಎಂಎಂ ಎಕ್ಸ್‌ಪ್ರೆಸ್ ಎಂದು ನಾಮಕರಣ ಮಾಡಿದರು. ಜನ ಅದನ್ನು ಮ್ಯಾಗ್ನಮ್ ಎಂದು ತಪ್ಪು ತಿಳಿದು ಗೊಂದಲ ಎಬ್ಬಿಸಿದ ಮೇಲೆ ಮತ್ತೆ ಹಳೆಯ ಹೆಸರೇ ಗತಿಯಾಯಿತು.

ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಎಂಬುದಕ್ಕೂ ಗುಣಕ್ಕೂ ಸಂಬಂಧ ಕಡಿಮೆ. ಎಷ್ಟು ಕಂಪನಿಗಳು ಆ ತೋಟಾಗೆ ರೈಫಲ್ ಮಾಡುತ್ತವೆ ಎಂಬುದೇ ಮುಖ್ಯ. ಆ ಲೆಕ್ಕದಲ್ಲಿ 7 ಪಿಆರ್‌ಸಿ ಉಳಿಯುತ್ತದೆ ಎಂದೇ ನನ್ನ ಅಂದಾಜು. ಈಗಾಗಲೇ ಬಹಳ ಜನ ರೈಫಲ್ ಮಾಡುತ್ತಿದ್ದಾರೆ. 2025ರಲ್ಲಿ ಫೆಡರಲ್ ತಂದ 7 ಎಂಎಂ ಬ್ಯಾಕ್‌ಕಂಟ್ರಿಯ ಬಗ್ಗೆ ಮಾತ್ರ ಕಾದು ನೋಡುತ್ತೇನೆ. ಹಿತ್ತಾಳೆಯ ಬದಲು ಉಕ್ಕಿನ ಕೋಶ, 80,000 ಪಿಎಸ್‌ಐ ಒತ್ತಡ, ಗಿಡ್ಡ ನಳಿಗೆಯಲ್ಲೂ ಭಾರೀ ವೇಗ. ಯಂತ್ರವಿದ್ಯೆಯ ದೃಷ್ಟಿಯಿಂದ ಇದು ಈ ಕಾಲದ ನಿಜವಾದ ಹೊಸ ಹೆಜ್ಜೆ. ಪಿಆರ್‌ಸಿಗಳು ಹಳೆಯ ಪದಾರ್ಥಗಳ ಜಾಣ ಜೋಡಣೆ.

ಹೇಮಾವತಿಯಮ್ಮ, ತೋಟಾದ ಪೆಟ್ಟಿಗೆ ಮನೆಯಲ್ಲೇ ಉಳಿದು, ಬೆಟ್ಟದ ಬುಡದ ಊರಿನ ಹಾರ್ಡ್‌ವೇರ್ ಅಂಗಡಿಗೆ ರಾತ್ರಿ ಓಡಬೇಕಾಗಿ ಬಂದರೆ ಅಲ್ಲಿ .30-06, .270, .308, 7 ಎಂಎಂ ರೆಮಿಂಗ್ಟನ್ ಸಿಗುವ ಸಾಧ್ಯತೆ ಹೆಚ್ಚು. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೇಮಾವತಿ ದಂಡೆ

ಎಲ್ಲರಿಗೂ ಧನ್ಯವಾದ. ಎರಡು ಸಂದೇಹ ಉಳಿದಿವೆ. ಹಳೆಯ ನಳಿಗೆಯ ಸುತ್ತಿಗೆ ತಾಮ್ರದ ಗುಂಡು ಹೊಂದುತ್ತದೆಯೇ? ಇನ್ನೊಂದು, ಹೊಡೆದಾಗ ಕೋವಿ ಹೆಗಲಿಗೆ ಕೊಡುವ ಒದೆತದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನಾನು ಐದು ಅಡಿ ಎರಡು ಅಂಗುಲ.

ಜಾಲಹಳ್ಳಿ ಎಂಜಿನಿಯರ್

ತಾಮ್ರದ ಪ್ರಶ್ನೆ ಬಹಳ ಸರಿಯಾದದ್ದು. ತಾಮ್ರ ಸೀಸಕ್ಕಿಂತ ಹಗುರ ಲೋಹ. ಅದೇ ತೂಕಕ್ಕೆ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ, ಆದ್ದರಿಂದ ಹೆಚ್ಚು ಸುತ್ತು ಬೇಡುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸ ನಿಷೇಧಿಸಿದೆ. ಸೀಸದ ಚೂರು ಸೇರಿದ ಕಳೇಬರ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದು ಅದಕ್ಕೆ ದೊಡ್ಡ ಕಾರಣ. ಅಲ್ಲಿ ಭಾರದ ತಾಮ್ರದ ಗುಂಡು ಬಯಸುವವರಿಗೆ ಹೊಸ ತೋಟಾಗಳ ಬಿಗಿ ಸುರುಳಿ ನಿಜಕ್ಕೂ ಉಪಯೋಗ.

ನಿಮಗೆ 140 ಅಥವಾ 150 ಗ್ರೇನ್ ತಾಮ್ರ ಸಾಕು. ಅಷ್ಟನ್ನು ಒಂಬತ್ತೂಕಾಲಿನ ಸುತ್ತು ಧಾರಾಳವಾಗಿ ನಿಭಾಯಿಸುತ್ತದೆ. ತಾಮ್ರ ಒಡೆದು ಚೂರಾಗದೆ ಹೂವಿನಂತೆ ಅರಳಿ ಆಚೆ ಬದಿಗೆ ಹಾಯುತ್ತದೆ, ಆದ್ದರಿಂದ ಸೀಸಕ್ಕಿಂತ ಒಂದು ಮೆಟ್ಟಿಲು ಕಡಿಮೆ ತೂಕ ಆರಿಸಿದರೂ ನಷ್ಟವಿಲ್ಲ. ನನ್ನ ವಾದಕ್ಕೇ ಇದು ಪೆಟ್ಟು ಎಂದು ಗೊತ್ತು.

ಬಾರೂದಿನ ಡಬ್ಬಿ

ಗುಂಡಿನ ಒಳಗಟ್ಟಿನ ಮಾತು ಬಂದಿತಲ್ಲ, ಸಂತೋಷ. 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಒಂದು ಗಂಡು ಮೂಸ್‌ಗೆ .300 ಹಾಲೆಂಡ್ ಅಂಡ್ ಹಾಲೆಂಡ್‌ನಿಂದ ಹೊಡೆದರು. ಆ ಕಾಲಕ್ಕೆ ಅದಕ್ಕಿಂತ ವೇಗದ ತೋಟಾ ಕೆಲವೇ. ಮೂಸ್‌ನ ಮೈಗೆ ಕೆಸರು ಮೆತ್ತಿ ಒಣಗಿತ್ತು. ಗುಂಡುಗಳು ಮೇಲ್ಮೈಯಲ್ಲೇ ಚೂರಾದವು, ಆಳಕ್ಕೆ ಹೋಗಲಿಲ್ಲ. ಅವರು ತೋಟಾ ಬದಲಿಸಲಿಲ್ಲ. ನಡುವೆ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಮುನ್ನುಗ್ಗುತ್ತದೆ. 1948ರಿಂದ ಅದು ಮಾರಾಟಕ್ಕೆ ಬಂತು, ಇಂದಿಗೂ ಬರುತ್ತಿದೆ. ಕಳೆದ ಎಂಬತ್ತು ವರ್ಷಗಳಲ್ಲಿ ಬೇಟೆ ಬದಲಾದದ್ದು ಹಿತ್ತಾಳೆಯಿಂದಲ್ಲ, ಗುಂಡಿನಿಂದ. ಒಳ್ಳೆಯ ಗುಂಡು ಹಾಕಿದ .30-06 ಇಂದು 1950ರ .300 ಮ್ಯಾಗ್ನಮ್‌ಗಿಂತ ಉತ್ತಮ ಆಯುಧ.

ಕಾರ್ಬೆಟ್ ಅಭಿಮಾನಿ (ಮೈಸೂರು)

ಜಿಮ್ ಕಾರ್ಬೆಟ್ .275 ರಿಗ್ಬಿ ಹಿಡಿದು ನರಭಕ್ಷಕಗಳನ್ನು ಹೊಡೆದರು. ಅದು 7×57 ಮೌಸರ್, ಬ್ರಿಟಿಷ್ ಹೆಸರಿನಲ್ಲಿ. ಡಬ್ಲ್ಯು. ಡಿ. ಎಂ. ಬೆಲ್ ಅದೇ ತೋಟಾದಿಂದ ಆಫ್ರಿಕಾದಲ್ಲಿ ನೂರಾರು ಆನೆ ಹೊಡೆದರು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಿ ಇದ್ದದ್ದು .405 ವಿಂಚೆಸ್ಟರ್, 1904ರ ತೋಟಾ. ಹೊಸದು ಯಾಕೆ ಬೇಕು?

ರಾಕಿ ಹಾದಿ

ಹಳೆಯದರ ಪರ ನಾನೂ ಇದ್ದೇನೆ, ಆದರೆ ಈ ಸಾಕ್ಷಿ ಬೇಡ. ಬೆಲ್ ಆನೆಯ ತಲೆಬುರುಡೆಯನ್ನು ಸೀಳಿಸಿ ಮಿದುಳು ಎಲ್ಲಿದೆ ಎಂದು ಅಭ್ಯಾಸ ಮಾಡಿದವರು, ಅರಳದ ಗಟ್ಟಿ ಗುಂಡನ್ನು ನೇರ ಮಿದುಳಿಗೆ ಕಳುಹಿಸಿದವರು. ಮೊದಲ ಬಾರಿ ಬೆಟ್ಟ ಹತ್ತುವವರಿಗೆ ಆ ಉದಾಹರಣೆ ಕೊಡುವುದು ಅಪಾಯ. ಆಂಡರ್ಸನ್‌ರ .405ರ ಗುಂಡು 300 ಗ್ರೇನ್, ವೇಗ 2,200 ಅಡಿ. ಹತ್ತಿರದಿಂದ ಹುಲಿಗೆ ಸರಿ. ಅದನ್ನು ಕಣಿವೆಯಾಚೆ ಎಸೆದರೆ ಕಣಿವೆಯೊಳಗೇ ಬೀಳುತ್ತದೆ.

ಹೇಮಾವತಿಯವರೇ, ಒದೆತದ ಪ್ರಶ್ನೆ ಎಲ್ಲಕ್ಕಿಂತ ಮೇಲೆ ಇರಬೇಕಿತ್ತು. 7 ಎಂಎಂ ರೆಮಿಂಗ್ಟನ್, 7 ಪಿಆರ್‌ಸಿ ಎರಡೂ ಒದೆಯುತ್ತವೆ; ಭಾರದ ಗುಂಡಿನಿಂದಾಗಿ ಹೊಸದು ತುಸು ಹೆಚ್ಚೇ. ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವ ಮುನ್ನವೇ ಕಣ್ಣು ಮುಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಗಟ್ಟಿಮುಟ್ಟಾದ ಗಂಡಸರಿಗೂ ಅಂಟುತ್ತದೆ, ಅವರು ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಖರೀದಿಸುವ ಮುನ್ನ ನೆರೆಯವರನ್ನೂ ಕರೆದುಕೊಂಡು ಹೋಗಿ ಹೊಡೆದು ನೋಡಿ. ಮೈದಾನದಲ್ಲಿ ಬಾಡಿಗೆಗೆ 7 ಎಂಎಂ-08 ತೋಟಾದ ರೈಫಲ್ ಸಿಕ್ಕರೆ ಅದನ್ನೂ ಹೊಡೆಯಿರಿ. 1980ರದ್ದು, .308ರ ಹಿತ್ತಾಳೆಯ ಕತ್ತು ಕಿರಿದಾಗಿಸಿ ಮಾಡಿದ್ದು. ಹೊಸದೂ ಅಲ್ಲ, ಹಳೆಯದೂ ಅಲ್ಲ, ಅದಕ್ಕೇ ಯಾರೂ ಅದರ ಪರ ಜಗಳವಾಡುವುದಿಲ್ಲ.

ಪೆನ್ಸಿಲ್ ಪೆಟ್ಟಿಗೆ (ನ್ಯೂಜೆರ್ಸಿ)

ನಡುವೆ ಒಂದು ಪ್ರಶ್ನೆ. ನಾನು ಎಚ್-1ಬಿಯಲ್ಲಿ ಇದ್ದೇನೆ. ಸ್ನೇಹಿತರ ರೈಫಲ್ ಎರವಲು ಪಡೆದು ಹೋಗಬಹುದೇ?

ಬಾರೂದಿನ ಡಬ್ಬಿ

ಎರವಲು ಎಂದರೂ ಕಾನೂನಿನ ಕಣ್ಣಿಗೆ ಅದು ನಿಮ್ಮ ವಶದಲ್ಲಿರುವುದೇ. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ರಾಜ್ಯದ ನಿಯಮ ಬೇರೆ, ನ್ಯೂಜೆರ್ಸಿಯದು ಬಿಗಿ. ಗ್ರೀನ್ ಕಾರ್ಡ್‌ನವರಿಗೆ ಈ ತೊಡಕಿಲ್ಲ. ವಲಸೆ ವಕೀಲರನ್ನು ಕೇಳದೆ ಮುಟ್ಟಬೇಡಿ, ವೀಸಾ ಹೋದರೆ ಎಲ್ಕ್ ಬಂದು ಕೊಡಿಸುವುದಿಲ್ಲ.

ಹೇಮಾವತಿ ದಂಡೆ

ಹೊಡೆದು ನೋಡಿ ಬಂದೆವು. ಯಜಮಾನರಿಗೆ ನೆರೆಯವರ 7 ಎಂಎಂ ರೆಮಿಂಗ್ಟನ್ ಕೈಗೆ ಹೊಂದಿತು, ಹೆಗಲಿಗೆ ತಾಗುವ ಕಡೆ ಹೊಸ ರಬ್ಬರ್ ಮೆತ್ತೆ ಹಾಕಿಸಿ ಅದನ್ನೇ ಇಟ್ಟುಕೊಳ್ಳುತ್ತಾರೆ. ಪರಿಚಯದವರೊಬ್ಬರ 7 ಪಿಆರ್‌ಸಿಯನ್ನೂ ಹೊಡೆದೆವು. ಬಹಳ ನಿಖರ, ಎಂಜಿನಿಯರ್ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎರಡೂ ನನ್ನ ಹೆಗಲಿಗೆ ಬೇಡವಾದವು. 7 ಎಂಎಂ-08ರಲ್ಲಿ 140 ಗ್ರೇನ್ ತಾಮ್ರ ಹಾಕಿ 200 ಗಜದಲ್ಲಿ ಕುಳಿತು ಹೊಡೆದಾಗ ತಟ್ಟೆಯಗಲದ ಗುರಿ ತಪ್ಪಲೇ ಇಲ್ಲ. ಅದನ್ನೇ ಕೊಂಡೆ. ನನ್ನ ಮಿತಿಯನ್ನು 250 ಗಜಕ್ಕೆ ಇಳಿಸಿಕೊಂಡಿದ್ದೇನೆ.

ಜಾಲಹಳ್ಳಿ ಎಂಜಿನಿಯರ್

7 ಎಂಎಂ-08ರ ಜೊತೆ ವಾದಕ್ಕೆ ಇಳಿಯಲು ನನಗೂ ದಾರಿ ಕಾಣುತ್ತಿಲ್ಲ. ತಾಮ್ರ ಅರಳಲು ವೇಗ ಬೇಕು, ಗುಂಡಿನ ಡಬ್ಬಿಯ ಮೇಲೆ ಕನಿಷ್ಠ ವೇಗ ಬರೆದಿರುತ್ತದೆ. ಅದನ್ನು ನಿಮ್ಮ 250 ಗಜದ ವೇಗದೊಂದಿಗೆ ಹೋಲಿಸಿ ನೋಡಿ. ಸರಿಹೋಗುತ್ತದೆ, ಆದರೂ ನೋಡಿ.

ರಾಕಿ ಹಾದಿ

ಇಬ್ಬರ ತೋಟಾಗಳನ್ನೂ ಬೇರೆ ಬೇರೆ ಬಣ್ಣದ ಪೆಟ್ಟಿಗೆಯಲ್ಲಿಡಿ. ಎರಡರ ಮೇಲೂ 7 ಎಂಎಂ ಎಂದೇ ಬರೆದಿರುತ್ತದೆ, ಕತ್ತಲಲ್ಲಿ ಅದಲುಬದಲಾಗಬಾರದು. ಕೇಸರಿ ಅಥವಾ ಗುಲಾಬಿ ಹೊಳೆಬಣ್ಣದ ಬಟ್ಟೆ ಮೈಮೇಲೆ 500 ಚದರ ಅಂಗುಲ, ತಲೆಯ ಮೇಲೂ ಇರಬೇಕು. ಹೆಣ್ಣು ಎಲ್ಕ್ ಪರವಾನಗಿಯಾದ್ದರಿಂದ ಲಿಂಗದ ಗುರುತು ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು, ಕತ್ತರಿಸಿ ಚೀಲಕ್ಕೆ ಹಾಕಬೇಡಿ.

ಹೇಮಾವತಿ ದಂಡೆ

ಸರಿ. ಮಕ್ಕಳು ತಿನ್ನುವ ಮೊದಲು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಜಿಂಕೆ ರೋಗದ ಪರೀಕ್ಷೆ ಮಾಡಿಸಬೇಕೇ? ನಮ್ಮ ಊರಿನಲ್ಲೇ ಮೊದಲು ಕಂಡದ್ದಂತೆ.

ರಾಕಿ ಹಾದಿ

ಹೌದು, 1967ರಲ್ಲಿ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದ ಜಿಂಕೆಗಳಲ್ಲಿ. ಮನುಷ್ಯರಿಗೆ ಹರಡಿದ ದಾಖಲೆ ಇಲ್ಲ, ಆದರೆ ರೋಗ ಕಂಡ ಪ್ರಾಣಿಯ ಮಾಂಸ ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆಗಳ ಸಲಹೆ. ತಲೆಯನ್ನು ವನ್ಯಜೀವಿ ಇಲಾಖೆಯ ಕೇಂದ್ರಕ್ಕೆ ಕೊಡಿ. ಫಲಿತಾಂಶ ಬರುವವರೆಗೆ ಇಬ್ಬರ ಮಾಂಸವನ್ನೂ ಬೆರೆಸದೆ, ಪೊಟ್ಟಣಗಳ ಮೇಲೆ ಯಾರ ಪರವಾನಗಿಯದು ಎಂದು ಬರೆದು ಫ್ರೀಜರಿನಲ್ಲಿಡಿ. ಮಾಂಸದ ಅಂಗಡಿಗೆ ಕೊಟ್ಟು ಕತ್ತರಿಸುವುದಾದರೆ, ಬೇರೆಯವರ ಪ್ರಾಣಿಯ ಜೊತೆ ಸೇರಿಸದಂತೆ ಮೊದಲೇ ಹೇಳಿ.